ಕೋರ್ಟಿನ ಮೆಟ್ಟಿಲಿಗಿಂತ ಮೊದಲಿನ ದಾರಿ

ಒಂದು ದೇಶದ ನ್ಯಾಯವ್ಯವಸ್ಥೆ ಹೇಗಿದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳೆಲ್ಲ ಕೋರ್ಟಿನ ಒಳಗಿನಿಂದಲೇ ಹೊರಡುತ್ತವೆ: ಎಷ್ಟು ನ್ಯಾಯಾಧೀಶರಿದ್ದಾರೆ, ಎಷ್ಟು ಹುದ್ದೆಗಳು ಖಾಲಿ ಬಿದ್ದಿವೆ, ಎಷ್ಟು ಮೊಕದ್ದಮೆಗಳು ಬಾಕಿ ಉಳಿದಿವೆ, ಒಂದು ವ್ಯಾಜ್ಯ ಇತ್ಯರ್ಥವಾಗಲು ಎಷ್ಟು ವರ್ಷ ಹಿಡಿಯುತ್ತದೆ. ಈ ಲೆಕ್ಕಗಳು ಬೇಕಾದವೇ ಆದರೂ ಕೋರ್ಟಿನ ಬಾಗಿಲಿಗೆ ಬಂದು ಅರ್ಜಿ ಕೊಟ್ಟವರು ಮಾತ್ರ ಅವುಗಳಲ್ಲಿ ಸೇರುತ್ತಾರೆ. ಕೂಲಿ ಬಾಕಿ ಉಳಿದರೂ ಯಾರನ್ನು ಕೇಳಬೇಕೆಂದು ತಿಳಿಯದ ಕಾರ್ಮಿಕ, ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರಿಂದ ಹೊರದೂಡಲ್ಪಟ್ಟ ಹೆಂಗಸು, ಜಾಮೀನು ಎಂಬ ಮಾತನ್ನೇ ಕೇಳದೆ ಜೈಲಿನಲ್ಲಿ ವರ್ಷಗಳನ್ನು ಕಳೆಯುತ್ತಿರುವ ಯುವಕ, ಇಂಥವರ ದೂರು ಯಾವ ಕಡತದಲ್ಲೂ ಇರುವುದಿಲ್ಲ. ಬಡ ದೇಶಗಳಲ್ಲಿ ನ್ಯಾಯದ ಲಭ್ಯತೆಯನ್ನು ಕುರಿತು ಕಳೆದ ಐದು ದಶಕಗಳಲ್ಲಿ ನಡೆದ ಸಂಶೋಧನೆಯ ಮುಖ್ಯ ಭಾಗವು ಕಡತಕ್ಕೆ ಬಾರದ ಈ ಜನರನ್ನು ಲೆಕ್ಕಕ್ಕೆ ತರುವ ಪ್ರಯತ್ನವಾಗಿದ್ದು, ಅದರಲ್ಲಿ ಮಾನವ ಹಕ್ಕುಗಳ ವಕೀಲರಾಗಿದ್ದುಕೊಂಡೇ ಸಂಶೋಧಕರೂ ಆದ ಕೆಲವರ ಪಾಲು ದೊಡ್ಡದು. ಗುಜರಾತಿನ ಕಛ್ ಮೂಲದ ಅಮೆರಿಕನ್ ವಕೀಲ ವಿವೇಕ್ ಮಾರು ಮತ್ತು ಅವರ ಜೊತೆಗಾರರಾದ ಸಿಯೆರಾ ಲಿಯೋನ್ ದೇಶದ ವಕೀಲ ಸಿಮಿಯನ್ ಕೊರೋಮ ಅವರು 2003ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಆರಂಭಿಸಿದ ಕೆಲಸ ಈ ದೃಷ್ಟಿಯಿಂದ ವಿವರವಾಗಿ ನೋಡತಕ್ಕದ್ದು.

ನ್ಯಾಯದ ಲಭ್ಯತೆ ಎಂಬ ಪದಕ್ಕೆ ಒಂದು ಕಾಲಕ್ಕೆ ಬಹಳ ಇಕ್ಕಟ್ಟಾದ ಅರ್ಥವಿತ್ತು: ಬಡವನಿಗೆ ವಕೀಲರ ಶುಲ್ಕ ಕೊಡುವ ಶಕ್ತಿಯಿಲ್ಲದಿದ್ದರೆ ಸರ್ಕಾರವೇ ಒಬ್ಬ ವಕೀಲರನ್ನು ಒದಗಿಸುವುದು. ಇಟಲಿಯ ಮೌರೊ ಕ್ಯಾಪೆಲೆಟ್ಟಿ ಮತ್ತು ಅಮೆರಿಕದ ಬ್ರಯಾಂಟ್ ಗಾರ್ತ್ ಅವರು 1970ರ ದಶಕದ ಕೊನೆಯಲ್ಲಿ ಫ್ಲಾರೆನ್ಸ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ಹಲವು ದೇಶಗಳ ನ್ಯಾಯವ್ಯವಸ್ಥೆಗಳನ್ನು ಹೋಲಿಸಿ ನೋಡಿದಾಗ, ಉಚಿತ ಕಾನೂನು ನೆರವು ಮೊದಲ ಅಲೆ ಮಾತ್ರವೆಂದೂ, ಒಂದಿಡೀ ಸಮುದಾಯದ ಪರವಾಗಿ ದಾವೆ ಹೂಡುವ ಅವಕಾಶ ಎರಡನೆಯದೆಂದೂ, ಕೋರ್ಟಿನ ಆಚೆಗೂ ಜಗಳಗಳನ್ನು ತೀರಿಸುವ ಸಂಸ್ಥೆಗಳನ್ನು ಒಳಗೊಳ್ಳುವ ಸುಧಾರಣೆ ಮೂರನೆಯದೆಂದೂ ವಿವರಿಸಿದರು. ಅದಕ್ಕೆ ಸ್ವಲ್ಪ ಮೊದಲು, 1974ರಲ್ಲಿ, ಭಾರತದ ಕಾನೂನು ವ್ಯವಸ್ಥೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದ ಮಾರ್ಕ್ ಗ್ಯಾಲಂಟರ್, ಕಾನೂನು ಎಲ್ಲರಿಗೂ ಒಂದೇ ಆಗಿದ್ದರೂ ಉಳ್ಳವರೇ ಮುಂದೆ ಬರುವುದೇಕೆ ಎಂಬ ಪ್ರಶ್ನೆಯನ್ನೆತ್ತಿ, ಕೋರ್ಟಿಗೆ ಪದೇ ಪದೇ ಬಂದು ಪಳಗಿದ ಕಕ್ಷಿದಾರರು ಒಂದು ಕಡೆಗೂ ಜೀವಮಾನದಲ್ಲಿ ಒಮ್ಮೆ ಮಾತ್ರ ಬರುವವರು ಇನ್ನೊಂದು ಕಡೆಗೂ ನಿಂತಾಗ ತಕ್ಕಡಿ ಹೇಗೆ ವಾಲುತ್ತದೆ ಎಂಬುದನ್ನು ತೋರಿಸಿದ್ದರು. ವಿಮಾ ಕಂಪನಿ, ಬ್ಯಾಂಕು, ಸರ್ಕಾರಿ ಇಲಾಖೆ, ದೊಡ್ಡ ಜಮೀನ್ದಾರ, ಇವರಿಗೆ ಒಂದು ಕೇಸು ಸೋತರೆ ಮುಂದಿನ ಕೇಸಿಗೆ ಪಾಠ ಸಿಗುತ್ತದೆ. ಒಂದೇ ಸಲ ಬರುವವನಿಗೆ ಸೋತರೆ ಹೊಲವೇ ಹೋಗುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಕನ್ನಡದ ಗಾದೆ ಈ ಎರಡನೆಯ ಗುಂಪಿನವರ ಅನುಭವದಿಂದಲೇ ಹುಟ್ಟಿರಬೇಕು.

ಅಳೆಯುವ ವಿಧಾನದಲ್ಲಿ ತಿರುವು ಬಂದದ್ದು 1999ರಲ್ಲಿ. ಬ್ರಿಟನ್ನಿನ ಹೇಜಲ್ ಜೆನ್ ಅವರು ಕೋರ್ಟಿನ ದಾಖಲೆಗಳನ್ನು ಬದಿಗಿಟ್ಟು ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿ, ಕಾನೂನಿನಲ್ಲಿ ಪರಿಹಾರವಿರುವ ಯಾವುದಾದರೂ ತೊಂದರೆ ಇತ್ತೀಚೆಗೆ ಎದುರಾಗಿತ್ತೇ, ಆಗ ಏನು ಮಾಡಿದಿರಿ ಎಂದು ವಿಚಾರಿಸಿದರು. ತನ್ನ ತೊಂದರೆ ಕಾನೂನಿಗೆ ಸಂಬಂಧಿಸಿದ್ದು ಎಂದು ಆ ವ್ಯಕ್ತಿಗೆ ಅನ್ನಿಸಿರಲೇಬೇಕೆಂಬ ನಿಯಮ ಇಲ್ಲಿರಲಿಲ್ಲ, ಏಕೆಂದರೆ ಬಹುಪಾಲು ಜನರು ಇಂಥ ತೊಂದರೆಯನ್ನು ದುರದೃಷ್ಟ, ಮನೆಜಗಳ, ಅಧಿಕಾರಿಗಳ ಕಾಟ ಎಂದೇ ಹೆಸರಿಸುತ್ತಾರೆ. ಕಾನೂನು ಅಗತ್ಯಗಳ ಸಮೀಕ್ಷೆ ಎಂದು ಕರೆಯಲಾಗುವ ಈ ಕ್ರಮವನ್ನೇ ಅನುಸರಿಸಿ ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯು 101 ದೇಶಗಳಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಿಂದಿನ ಎರಡು ವರ್ಷಗಳಲ್ಲಿ ಅಂಥ ಒಂದು ತೊಂದರೆಯನ್ನಾದರೂ ಎದುರಿಸಿದವರು ಶೇ 49ರಷ್ಟಿದ್ದರು. ಅವರಲ್ಲಿ ಯಾರಿಂದಲಾದರೂ ಸಲಹೆ ಪಡೆದವರು ಶೇ 29 ಮಾತ್ರ, ಅದೂ ಹೆಚ್ಚಾಗಿ ನಂಟರಿಷ್ಟರಿಂದ. ಯಾವುದಾದರೂ ಅಧಿಕಾರಿಯ ಅಥವಾ ಮೂರನೆಯವರ ಮುಂದೆ ವಿಷಯವನ್ನು ಒಯ್ದವರು ಶೇ 17. ಅದೇ ವರ್ಷ ಹೊರಬಂದ ಇನ್ನೊಂದು ಅಂತರರಾಷ್ಟ್ರೀಯ ಕಾರ್ಯಪಡೆಯ ವರದಿಯು ಜಗತ್ತಿನ ಸುಮಾರು 510 ಕೋಟಿ ಜನರಿಗೆ ಒಂದಲ್ಲ ಒಂದು ಅರ್ಥದಲ್ಲಿ ನ್ಯಾಯ ದೂರವಿದೆ ಎಂದು ಅಂದಾಜು ಮಾಡಿತು. ಬಗೆಹರಿಯದ ವ್ಯಾಜ್ಯವುಳ್ಳ 150 ಕೋಟಿ ಜನರು, ಗುರುತಿನ ಚೀಟಿ, ಭೂಮಿಯ ಹಕ್ಕುಪತ್ರ, ಕೆಲಸದ ಕರಾರು ಇವುಗಳಲ್ಲಿ ಯಾವುದಾದರೊಂದು ಇಲ್ಲದೆ ಕಾನೂನು ಕೊಡುವ ಅವಕಾಶಗಳಿಂದ ಹೊರಗುಳಿದ 450 ಕೋಟಿ ಜನರು, ದೇಶವಿಲ್ಲದವರು ಹಾಗೂ ಜೀತದಂಥ ಸ್ಥಿತಿಯಲ್ಲಿರುವವರು ಸೇರಿದ ಸುಮಾರು 25 ಕೋಟಿ ಜನರು, ಹೀಗೆ ಒಬ್ಬರೇ ಎರಡು ಗುಂಪುಗಳಲ್ಲಿ ಬರಬಹುದಾದ ಲೆಕ್ಕ ಅದು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಇನ್ನಷ್ಟು ಕೋರ್ಟುಗಳನ್ನು ಕಟ್ಟೋಣ ಎಂಬ ಉತ್ತರ ಸಾಲದೆಂಬುದು ಸ್ಪಷ್ಟ.

ಸಿಯೆರಾ ಲಿಯೋನ್ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ. ಬಿಡುಗಡೆ ಹೊಂದಿದ ಕಪ್ಪು ಗುಲಾಮರು 1792ರಲ್ಲಿ ನೆಲೆಗೊಳಿಸಿದ ಫ್ರೀಟೌನ್ ಪಟ್ಟಣವನ್ನು 1808ರಲ್ಲಿ ಬ್ರಿಟಿಷರು ತಮ್ಮ ವಸಾಹತು ಮಾಡಿಕೊಂಡು ಅಲ್ಲಿ ಇಂಗ್ಲಿಷ್ ಕಾನೂನನ್ನು ಜಾರಿಗೊಳಿಸಿದರು. 1896ರಲ್ಲಿ ಒಳನಾಡನ್ನು ತಮ್ಮ ರಕ್ಷಣೆಗೆ ಒಳಪಟ್ಟ ಪ್ರದೇಶವೆಂದು ಸಾರಿ, ಅಲ್ಲಿನ ಆಡಳಿತವನ್ನೂ ನ್ಯಾಯವನ್ನೂ ನಾಡೊಡೆಯರ ಕೈಗೆ, ಅವರವರ ಸಂಪ್ರದಾಯಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಈ ಎರಡು ಕಾನೂನುಗಳ ಸಂಸಾರ ಮುಂದುವರಿಯಿತು. ನಾಡೊಡೆಯರ ಆಳ್ವಿಕೆಗೆ ಒಳಪಟ್ಟ 149 ನಾಡುಗಳಲ್ಲಿ, ಅಂದರೆ ನಮ್ಮ ಹೋಬಳಿಗಿಂತ ದೊಡ್ಡದೂ ಜಿಲ್ಲೆಗಿಂತ ಚಿಕ್ಕದೂ ಆದ ಆಡಳಿತ ಘಟಕಗಳಲ್ಲಿ, ಮದುವೆ, ಆಸ್ತಿ, ಭೂಮಿ, ಸಾಲ ಎಲ್ಲವೂ ಬರೆದಿಡದ ರೂಢಿಯ ಕಾನೂನಿನ ಮೇರೆಗೆ ತೀರ್ಮಾನವಾಗುತ್ತಿದ್ದವು. ದಂಡ ಹಾಕುವವರೂ ದಂಡ ವಸೂಲು ಮಾಡುವವರೂ ಒಬ್ಬರೇ ಆಗಿದ್ದ ಕಡೆ ಅದರ ದುರುಪಯೋಗ ಸಹಜವಾಗಿತ್ತು. 1991ರಿಂದ 2002ರವರೆಗೆ ನಡೆದ ಭೀಕರ ಒಳಯುದ್ಧದ ಕಾರಣಗಳನ್ನು ಹುಡುಕಿದ ಸತ್ಯ ಮತ್ತು ಸಂಧಾನ ಆಯೋಗವು, ಸರ್ಕಾರದ ಭ್ರಷ್ಟಾಚಾರದ ಜೊತೆಗೆ ನಾಡೊಡೆಯರ ಮನಬಂದ ದಂಡಗಳಿಗೂ ಬಿಟ್ಟಿ ದುಡಿಮೆಗೂ ಒಳಗಾಗಿ ಊರು ತೊರೆದ ಯುವಕರ ಸಿಟ್ಟನ್ನೂ ಎತ್ತಿ ಹೇಳಿತು. ಕೈಯಲ್ಲಿ ವಜ್ರ ಹಿಡಿದ ಬಂಡುಕೋರನ ಚಿತ್ರವನ್ನು ಜಗತ್ತು ನೋಡಿತ್ತು. ಆ ಬಂಡುಕೋರನ ಹಿಂದೆ ನ್ಯಾಯ ಸಿಗದ ಒಂದು ಹಳ್ಳಿ ಇದ್ದುದನ್ನು ನೋಡಿದವರು ಕಡಿಮೆ.

ಯುದ್ಧ ಮುಗಿದ ಮೇಲೆ ಬಂದ ನ್ಯಾಯವೂ ಮೊದಲು ರಾಜಧಾನಿಯಲ್ಲೇ ಇಳಿಯಿತು. 2002ರಲ್ಲಿ ವಿಶ್ವಸಂಸ್ಥೆಯ ಸಹಭಾಗಿತ್ವದಲ್ಲಿ ಸ್ಥಾಪನೆಯಾದ ವಿಶೇಷ ನ್ಯಾಯಾಲಯವು ಯುದ್ಧಾಪರಾಧಗಳಿಗೆ ಅತ್ಯಂತ ಹೊಣೆಗಾರರಾದವರನ್ನು ವಿಚಾರಣೆಗೆ ಒಳಪಡಿಸಿ, ನೆರೆಯ ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಿತು. ಅದರ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ದಶಕಕ್ಕೂ ಮಿಗಿಲಾದ ಅದರ ದುಬಾರಿ ಕೆಲಸದಲ್ಲಿ ಶಿಕ್ಷೆಗೆ ಗುರಿಯಾದವರು ಒಂಬತ್ತು ಮಂದಿ. ಅದೇ ಕಾಲದಲ್ಲಿ ಸುಮಾರು 50 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಇದ್ದ ವಕೀಲರು ಸುಮಾರು ನೂರು, ಅವರಲ್ಲೂ ತೊಂಬತ್ತಕ್ಕೂ ಹೆಚ್ಚು ಮಂದಿ ಫ್ರೀಟೌನಿನಲ್ಲೇ ಇದ್ದರು. ಇನ್ನೂ ಒಂದು ತೊಡಕಿತ್ತು: ಬಹುಪಾಲು ಜನರ ವ್ಯಾಜ್ಯಗಳು ಬರುತ್ತಿದ್ದ ಸ್ಥಳೀಯ ನ್ಯಾಯಾಲಯಗಳಲ್ಲಿ ವಕೀಲರು ಹಾಜರಾಗಲು ಕಾನೂನೇ ಅವಕಾಶ ಕೊಟ್ಟಿರಲಿಲ್ಲ. ಆದ್ದರಿಂದ ನೂರು ವಕೀಲರನ್ನು ಇನ್ನೂರು ಮಾಡಿದ್ದರೂ ಒಳನಾಡಿನ ರೈತನ ಪಾಡು ಹೆಚ್ಚು ಬದಲಾಗುತ್ತಿರಲಿಲ್ಲ.

ವಕೀಲರನ್ನು ಹೊರಗಿಡುವ ಇಂಥ ನಿಯಮ ಕರ್ನಾಟಕಕ್ಕೂ ಹೊಸದಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯ ಮೇರೆಗೆ ರಚನೆಯಾದ ಭೂನ್ಯಾಯ ಮಂಡಳಿಗಳ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಬಲ್ಲ ಧಣಿಯ ಎದುರು ಗೇಣಿದಾರ ಸೋಲಬಾರದೆಂಬುದು ಅದರ ಹಿಂದಿನ ಆಶಯವಾಗಿತ್ತು. ವಕೀಲಿಯ ಹಕ್ಕನ್ನು ಕುರಿತ ಕೇಂದ್ರದ ಕಾನೂನಿಗೆ ವಿರುದ್ಧವೆಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಆ ನಿರ್ಬಂಧವನ್ನು ರದ್ದುಪಡಿಸಿತು. ಆದರೆ ಆ ಹೊತ್ತಿಗೆ, ನಮೂನೆ 7ರಲ್ಲಿ ಅರ್ಜಿ ಹಾಕಲು, ಅಂದರೆ ಕರಾವಳಿಯ ಜನ ಹೇಳುವಂತೆ ‘ಡಿಕ್ಲರೇಶನ್’ ಕೊಡಲು, ಇದ್ದ 1979ರ ಜೂನ್ 30ರ ಗಡುವು ಮುಗಿದು ಎಷ್ಟೋ ವರ್ಷಗಳಾಗಿದ್ದವು. ರೈತ ಸಂಘಟನೆಗಳು ಬಲವಾಗಿದ್ದ ಕಡೆ ಆ ನಮೂನೆಯನ್ನು ತುಂಬಿಸಿ, ಗೇಣಿ ಕೊಟ್ಟದ್ದಕ್ಕೆ ಸಾಕ್ಷಿ ಹೊಂದಿಸಿ, ಮಂಡಳಿಯ ಮುಂದೆ ಏನು ಹೇಳಬೇಕೆಂದು ತಿಳಿಸಿಕೊಡುವವರಿದ್ದರು. ಇಲ್ಲದ ಕಡೆ ಎಷ್ಟೋ ಒಕ್ಕಲುಗಳು ಅರ್ಜಿಯನ್ನೇ ಹಾಕದೆ ಹೊಲ ಬಿಟ್ಟುಕೊಟ್ಟವು. ಕಾನೂನು ಒಂದೇ ಇದ್ದೂ ಫಲ ಬೇರೆ ಬೇರೆಯಾದದ್ದು ನಡುವೆ ನಿಂತು ನಮೂನೆ ತುಂಬಿಸಿದವರಿಂದ, ಅವರು ಇಲ್ಲದುದರಿಂದ.

ಹಾಗೆ ನಡುವೆ ನಿಲ್ಲುವವರನ್ನೇ ಸಿಯೆರಾ ಲಿಯೋನಿನಲ್ಲಿ ಮಾರು ಮತ್ತು ಕೊರೋಮ ಹುಡುಕಿದರು. ಅವರು ಕಟ್ಟಿದ ಸಂಸ್ಥೆಯ ಹೆಸರು ‘ತಿಮಾಪ್ ಫಾರ್ ಜಸ್ಟಿಸ್’. ಅಲ್ಲಿನ ಕ್ರಿಯೋ ಭಾಷೆಯಲ್ಲಿ ತಿಮಾಪ್ ಎಂದರೆ ಎದ್ದು ನಿಲ್ಲು. ಇಬ್ಬರು ವಕೀಲರ ಮೇಲ್ವಿಚಾರಣೆಯಲ್ಲಿ ಕೆಲಸ ಆರಂಭಿಸಿದ ಕಾರ್ಯಕರ್ತರೆಲ್ಲ ಅದೇ ನಾಡುಗಳವರು, ಊರಿನ ಭಾಷೆಯನ್ನೂ ಮರ್ಯಾದೆಯನ್ನೂ ಬಲ್ಲವರು. ಅವರಿಗೆ ಸಂವಿಧಾನ, ಪೊಲೀಸ್ ಕ್ರಮ, ಕೌಟುಂಬಿಕ ಕಾನೂನು, ಆಡಳಿತದ ಏಣಿಯಲ್ಲಿ ಯಾರ ಮೇಲೆ ಯಾರು ಎಂಬುದರಲ್ಲಿ ತರಬೇತಿ ಕೊಡಲಾಯಿತು. ಇವರನ್ನು ಪ್ಯಾರಾಲೀಗಲ್ ಎಂದು ಕರೆಯುತ್ತಾರೆ. ದೊಡ್ಡ ನಗರಗಳ ವಕೀಲರ ಕಚೇರಿಗಳಲ್ಲಿ ಕಡತ ಸಿದ್ಧಪಡಿಸುವ ಸಹಾಯಕರಿಗೂ ಇದೇ ಹೆಸರಿರುವುದರಿಂದ ಗೊಂದಲವಾಗಬಹುದು. ಸಮುದಾಯದ ಪ್ಯಾರಾಲೀಗಲ್‌ಗಳನ್ನು ಅರ್ಥಮಾಡಿಕೊಳ್ಳಲು ನಮ್ಮ ಆಶಾ ಕಾರ್ಯಕರ್ತೆಯರ ಹೋಲಿಕೆ ಸರಿಯಾದೀತು. ಆಶಾ ಕಾರ್ಯಕರ್ತೆ ವೈದ್ಯೆಯಲ್ಲ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆದರೆ ಯಾವ ಬಸುರಿ ಯಾವಾಗ ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತು, ಜೊತೆಗೆ ಹೋಗುವವಳೂ ಅವಳೇ, ಅವಳ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರವೊಂದು ಇದೆ. ಪ್ಯಾರಾಲೀಗಲ್‌ನ ಹಿಂದೆ ವಕೀಲರಿರಬೇಕಾದದ್ದೂ ಹಾಗೆಯೇ.

ಈ ಕೆಲಸವನ್ನು ಮಾರು ಅವರು 2006ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಾನೂನು ಪತ್ರಿಕೆಯಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ವಿಶ್ಲೇಷಿಸಿದರು. ತಿಮಾಪ್‌ಗೆ ಬರುತ್ತಿದ್ದ ದೂರುಗಳು ನಿತ್ಯಜೀವನದವು: ಮಕ್ಕಳ ಖರ್ಚಿಗೆ ಹಣ ಕೊಡದ ತಂದೆ, ಸಣ್ಣ ತಪ್ಪಿಗೆ ನಾಡೊಡೆಯ ಹಾಕಿದ ಭಾರಿ ದಂಡ, ಆರೋಪವಿಲ್ಲದೆ ಠಾಣೆಯಲ್ಲಿ ಕೂಡಿಹಾಕಿದ ಹುಡುಗ, ಕೊಡದೆ ಉಳಿಸಿಕೊಂಡ ಸಂಬಳ, ಗಣಿಯ ಅಗೆತದಿಂದ ಹಾಳಾದ ಗದ್ದೆ. ಪ್ಯಾರಾಲೀಗಲ್ ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಸುತ್ತಾರೆ, ಇಬ್ಬರ ಒಪ್ಪಿಗೆಯಿದ್ದರೆ ಕೂರಿಸಿ ರಾಜಿ ಮಾಡಿಸುತ್ತಾರೆ, ಅಧಿಕಾರಿಯ ಬಳಿಗೆ ಜೊತೆಯಲ್ಲಿ ಹೋಗಿ ಮೇಲಧಿಕಾರಿಗೆ ದೂರು ಬರೆಸುತ್ತಾರೆ, ಇಡೀ ಊರಿಗೆ ಸಂಬಂಧಿಸಿದ್ದಾದರೆ ಜನರನ್ನು ಸೇರಿಸುತ್ತಾರೆ. ಕೊನೆಗೂ ಬಗೆಹರಿಯದ ಕೆಲವನ್ನು ವಕೀಲರು ಹೈಕೋರ್ಟಿಗೆ ಒಯ್ಯುತ್ತಾರೆ. ಹಾಗೆ ಒಯ್ಯುವುದು ಅಪರೂಪವಾದರೂ ಒಯ್ಯಬಲ್ಲರು ಎಂಬ ತಿಳಿವಳಿಕೆಯೇ ರಾಜಿಯ ಮಾತಿಗೆ ತೂಕ ತರುತ್ತಿತ್ತು. ಪೊಲೀಸ್ ಅಧಿಕಾರಿಯೊಬ್ಬ ಬರಿಗೈಯ ರೈತನಿಗೆ ಕೊಡದ ಉತ್ತರವನ್ನು, ಹಿಂದೆ ವಕೀಲರಿರುವ ಪ್ಯಾರಾಲೀಗಲ್‌ಗೆ ಕೊಡುತ್ತಾನೆ ಎಂಬುದು ಸಣ್ಣ ಸಂಗತಿಯಲ್ಲ.

ಆ ಪ್ರಬಂಧದ ಹೆಚ್ಚು ಬೆಲೆಬಾಳುವ ಭಾಗವೆಂದರೆ ರೂಢಿಯ ಕಾನೂನನ್ನು ಕುರಿತ ಅದರ ನಿಲುವು. ಹಳ್ಳಿಯ ಸಂಪ್ರದಾಯವೆಲ್ಲ ಕತ್ತಲೆ, ರಾಜಧಾನಿಯ ಶಾಸನವೆಲ್ಲ ಬೆಳಕು ಎಂದು ನಂಬಿದ ಸುಧಾರಕರು ಆಫ್ರಿಕದಲ್ಲಿ ಬಹಳ ಮಂದಿ ಇದ್ದರು. ಸಂಪ್ರದಾಯವನ್ನು ಮುಟ್ಟಲೇಬಾರದೆಂದು ವಾದಿಸಿದವರೂ ಇದ್ದರು. ತಿಮಾಪ್‌ನ ಪ್ಯಾರಾಲೀಗಲ್‌ಗಳು ಎರಡನ್ನೂ ಬಳಸಿದರು: ಸಂಪ್ರದಾಯದಲ್ಲೇ ಇರುವ ರಾಜಿಯ ಗುಣವನ್ನು, ಹಿರಿಯರ ಮಾತಿನ ಗೌರವವನ್ನು ಇಟ್ಟುಕೊಂಡು, ಅದು ಹೆಂಗಸರಿಗೂ ಕಿರಿಯರಿಗೂ ಅನ್ಯಾಯ ಮಾಡುವಲ್ಲಿ ಶಾಸನವನ್ನು ಮುಂದಿಟ್ಟರು. 2007ರಲ್ಲಿ ಸಂಸತ್ತು ಕೌಟುಂಬಿಕ ಹಿಂಸೆ, ರೂಢಿಯ ಮದುವೆಗಳ ನೋಂದಣಿ ಮತ್ತು ಉತ್ತರಾಧಿಕಾರ ಕುರಿತ ಮೂರು ಕಾಯಿದೆಗಳನ್ನು ಒಟ್ಟಿಗೆ ತಂದು, ವಿಧವೆಯನ್ನು ಮನೆಯಿಂದ ಹೊರಹಾಕುವುದನ್ನು ಅಪರಾಧವೆಂದು ಸಾರಿದಾಗ, ಆ ಸುದ್ದಿಯನ್ನು ವಿಧವೆಗೂ ಅವಳ ಮೈದುನನಿಗೂ ಅವರದೇ ಭಾಷೆಯಲ್ಲಿ ಮುಟ್ಟಿಸಬಲ್ಲವರು ಇಂಥವರೇ ಆಗಿದ್ದರು. ಇಂಗ್ಲಿಷಿನಲ್ಲಿ ಅಚ್ಚಾದ ರಾಜ್ಯಪತ್ರ ಆ ಕೆಲಸ ಮಾಡಲಾರದು.

ಪ್ಯಾರಾಲೀಗಲ್ ಎಂಬ ಕಲ್ಪನೆ ಸಿಯೆರಾ ಲಿಯೋನಿನಲ್ಲಿ ಹುಟ್ಟಿದ್ದಲ್ಲ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ಕಪ್ಪು ಜನರು ನಗರದಲ್ಲಿರಲು ಪಾಸ್ ಎಂಬ ಪರವಾನಗಿ ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಾಗಿದ್ದ ಕಾಲದಲ್ಲಿ, 1955ರಲ್ಲಿ ಬಿಳಿಯ ಮಹಿಳೆಯರು ಕಟ್ಟಿದ ‘ಬ್ಲ್ಯಾಕ್ ಸ್ಯಾಶ್’ ಸಂಘಟನೆಯ ಸಲಹಾ ಕಚೇರಿಗಳೂ ಅನಂತರ ಹಳ್ಳಿಗಳಲ್ಲಿ ಬೆಳೆದ ಸಮುದಾಯ ಕಚೇರಿಗಳೂ ಬಂಧನ, ಒಕ್ಕಲೆಬ್ಬಿಸುವಿಕೆ, ಪಿಂಚಣಿಗಳ ವಿಷಯದಲ್ಲಿ ಜನರ ಜೊತೆ ನಿಂತವು. ಅನ್ಯಾಯವನ್ನೇ ಕಾನೂನು ಮಾಡಿಕೊಂಡ ಸರ್ಕಾರದ ಎದುರೂ ಅದರದೇ ನಿಯಮದ ಬಿರುಕುಗಳನ್ನು ಬಳಸಬಹುದೆಂಬ ಅವರ ಅನುಭವ ಮುಂದಿನವರಿಗೆ ಆಧಾರವಾಯಿತು. ಬಾಂಗ್ಲಾದೇಶದಲ್ಲಿ 1978ರಲ್ಲಿ ಆರಂಭವಾದ ಮಾದಾರಿಪುರ ಕಾನೂನು ನೆರವು ಸಂಘವು ಊರ ಪಂಚಾಯಿತಿಕೆಯ ರೂಪವಾದ ‘ಶಾಲಿಶ್’ ಪದ್ಧತಿಯನ್ನು ತಿದ್ದಿ, ಹೆಂಗಸರನ್ನೂ ಪಂಚರ ಸಾಲಿನಲ್ಲಿ ಕೂರಿಸಿತು.

ಮಲಾವಿಯ ಪ್ರಯೋಗ ಇವೆಲ್ಲಕ್ಕಿಂತ ನೇರವಾದದ್ದು. ತುಂಬಿ ತುಳುಕುತ್ತಿದ್ದ ಅಲ್ಲಿನ ಜೈಲುಗಳಲ್ಲಿ ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಸಾಬೀತಾಗದೆ ವಿಚಾರಣೆಗೆ ಕಾಯುತ್ತಿರುವವರು, ಕಡತ ಕಳೆದುಹೋದ ಕಾರಣಕ್ಕೋ, ಸಾಕ್ಷಿ ಬಾರದ ಕಾರಣಕ್ಕೋ, ಜಾಮೀನು ಕೇಳಲು ತಿಳಿಯದ ಕಾರಣಕ್ಕೋ ವರ್ಷಗಟ್ಟಲೆ ಕೊಳೆಯುತ್ತಿದ್ದರು. 2000ನೆಯ ಇಸವಿಯಲ್ಲಿ ನಾಲ್ಕು ಜೈಲುಗಳಲ್ಲಿ ಎಂಟು ಪ್ಯಾರಾಲೀಗಲ್‌ಗಳೊಂದಿಗೆ ಆರಂಭವಾದ ಸೇವೆಯು ಕೈದಿಗಳನ್ನು ಗುಂಪಾಗಿ ಕೂರಿಸಿ, ಹಾಡು ಮತ್ತು ನಾಟಕದ ಮೂಲಕ ಜಾಮೀನಿನ ಅರ್ಜಿಯನ್ನು ಮಂಡಿಸುವುದನ್ನು ಕಲಿಸಿತು: ಒಬ್ಬ ಕೈದಿ ನ್ಯಾಯಾಧೀಶನಾಗುತ್ತಾನೆ, ಇನ್ನೊಬ್ಬ ಸರ್ಕಾರಿ ವಕೀಲನಾಗುತ್ತಾನೆ, ಮೂರನೆಯವನು ತನ್ನ ಪರವಾಗಿ ತಾನೇ ಮಾತಾಡುತ್ತಾನೆ, ಉಳಿದವರು ಅವನ ತಪ್ಪು ತಿದ್ದುತ್ತಾರೆ. ಇಂಗ್ಲಿಷಿನಲ್ಲಿ ನಡೆಯುವ ಕೋರ್ಟಿನ ಕಲಾಪವನ್ನು ಚಿಚೇವ ಭಾಷೆಯ ಆಟದಿಂದ ಅರಿತವರು ಮುಂದೆ ಕಟಕಟೆಯಲ್ಲಿ ನಿಂತಾಗ ಬೆದರುತ್ತಿರಲಿಲ್ಲ. ನ್ಯಾಯಾಧೀಶರನ್ನೇ ಜೈಲಿಗೆ ಕರೆತಂದು ಕೈದಿಗಳ ಪಟ್ಟಿಯನ್ನು ಪರಿಶೀಲಿಸುವ ಶಿಬಿರ ನ್ಯಾಯಾಲಯಗಳನ್ನೂ ಈ ಸೇವೆ ಚುರುಕುಗೊಳಿಸಿತು. ವಕೀಲರು ಮೊದಮೊದಲು ಅನುಮಾನದಿಂದ ಕಂಡ ಈ ಕಾರ್ಯಕರ್ತರಿಗೆ 2010ರ ಕಾನೂನು ನೆರವು ಕಾಯಿದೆಯಲ್ಲಿ ಮಾನ್ಯತೆ ದೊರೆಯಿತು.

ಮಲಾವಿಯ ಕೈದಿಗಳ ಕಥೆ ಭಾರತೀಯ ಓದುಗರಿಗೆ ಪರಿಚಿತವೆನಿಸಬೇಕು. ಬಿಹಾರದ ಜೈಲುಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೂಡಿಹಾಕಲ್ಪಟ್ಟವರ ಬಗ್ಗೆ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯ ಕೆ. ಎಫ್. ರುಸ್ತುಮ್‌ಜಿ ಅವರು 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದುದನ್ನು ಆಧರಿಸಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಅದರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಪೀಠವು ತ್ವರಿತ ವಿಚಾರಣೆಯೂ ಉಚಿತ ಕಾನೂನು ನೆರವೂ ಬದುಕುವ ಹಕ್ಕಿನ ಅಂಗಗಳೆಂದು ಸಾರಿತು. ಕಾಲಕ್ರಮದಲ್ಲಿ ದೇಶದಾದ್ಯಂತ ಸುಮಾರು 40,000 ವಿಚಾರಣಾಧೀನ ಕೈದಿಗಳು ಬಿಡುಗಡೆಯಾದರು. ಸಂವಿಧಾನದ 39ಎ ವಿಧಿ 1976ರಲ್ಲೇ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದು ಹೇಳಿತ್ತು; 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದು, ರಾಷ್ಟ್ರಮಟ್ಟದಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯವರೆಗೆ ಒಂದು ಏಣಿಯನ್ನು ನಿಲ್ಲಿಸಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆಯೇ ಇದರ ನೆರವಿಗೆ ಅರ್ಹರು. 2009ರಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆಯೂ ಬಂತು. ಇಷ್ಟೆಲ್ಲ ಇದ್ದೂ ಭಾರತದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ಇಂದಿಗೂ ವಿಚಾರಣಾಧೀನರೇ ಎಂಬುದು ಕಾನೂನು ಬರೆಯುವುದಕ್ಕೂ ಅದನ್ನು ಮುಟ್ಟಿಸುವುದಕ್ಕೂ ನಡುವಿನ ಅಂತರವನ್ನು ತೋರಿಸುತ್ತದೆ. ಸ್ವಯಂಸೇವಕರಿಗೆ ಕೆಲಸ ಮಾಡಿದ ದಿನದ ಗೌರವಧನ ಮಾತ್ರ ಸಿಗುವ, ಅನುಭವ ಬರುವ ಹೊತ್ತಿಗೆ ಬೇರೆ ದುಡಿಮೆ ಹುಡುಕಬೇಕಾಗುವ ವ್ಯವಸ್ಥೆಯಲ್ಲಿ ಇದು ಅಚ್ಚರಿಯೂ ಅಲ್ಲ.

ಮಾರು ಅವರು ಕೆಲ ವರ್ಷ ವಿಶ್ವಬ್ಯಾಂಕಿನ ನ್ಯಾಯ ಕಾರ್ಯಕ್ರಮದಲ್ಲಿ ದುಡಿದು, 2011ರಲ್ಲಿ ಹಲವು ದೇಶಗಳಲ್ಲಿ ಕೆಲಸ ಮಾಡುವ ‘ನಮತಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರು ಸಂಸ್ಕೃತದ್ದು, ನಮನ, ವಿನಮ್ರ ಎಂಬ ನಮ್ಮ ಪದಗಳಲ್ಲಿರುವ ಧಾತುವೇ ಅದರಲ್ಲೂ ಇದ್ದು, ಬಾಗಿಸು ಎಂಬರ್ಥದಲ್ಲಿ, ಚರಿತ್ರೆಯ ಕಮಾನನ್ನು ನ್ಯಾಯದ ಕಡೆಗೆ ಬಾಗಿಸುವ ಆಶಯದಿಂದ ಅದನ್ನು ಆರಿಸಿಕೊಳ್ಳಲಾಗಿದೆ. ಬಾಂಗ್ಲಾದೇಶದಲ್ಲಿ 1971ರ ನಂತರ ಶಿಬಿರಗಳಲ್ಲೇ ಬದುಕಿದ ಉರ್ದು ಮಾತಾಡುವ ಸಮುದಾಯವನ್ನು ಅಲ್ಲಿನ ಹೈಕೋರ್ಟ್ 2008ರಲ್ಲಿ ನಾಗರಿಕರೆಂದು ಘೋಷಿಸಿದ ಮೇಲೂ ಶಿಬಿರದ ವಿಳಾಸವಿದ್ದವರಿಗೆ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ ಸುಲಭವಾಗಿ ಸಿಗುತ್ತಿರಲಿಲ್ಲ. ಅದೇ ಸಮುದಾಯದ ಯುವಕ ಯುವತಿಯರು ಪ್ಯಾರಾಲೀಗಲ್‌ಗಳಾಗಿ ಒಂದೊಂದು ಅರ್ಜಿಯ ಹಿಂದೆ ಬಿದ್ದರು. ಕೀನ್ಯದಲ್ಲಿ, ಬ್ರಿಟಿಷ್ ಸೈನ್ಯದೊಂದಿಗೆ ಸುಡಾನಿನಿಂದ ಬಂದವರ ವಂಶಜರಾದ ನೂಬಿಯನ್ನರು ಗುರುತಿನ ಚೀಟಿಗಾಗಿ ಪ್ರತ್ಯೇಕ ಸಮಿತಿಯ ಮುಂದೆ ತಮ್ಮ ಮೂಲವನ್ನು ಸಾಬೀತುಪಡಿಸಬೇಕಾಗಿದ್ದ ಅವಮಾನದ ವಿರುದ್ಧವೂ ಇಂಥದೇ ಕೆಲಸ ನಡೆಯಿತು.

ಈ ಸರಣಿಯ ಒಂದು ಕೊಂಡಿ ಕರ್ನಾಟಕದ ಉತ್ತರ ಕನ್ನಡ ಕರಾವಳಿಯಲ್ಲಿದೆ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಸಂಸ್ಥೆಯೊಂದಿಗೆ ನಮತಿ ನಡೆಸಿದ ಪರಿಸರ ನ್ಯಾಯ ಕಾರ್ಯಕ್ರಮದಲ್ಲಿ ಸ್ಥಳೀಯ ಕಾರ್ಯಕರ್ತರು ಮೀನುಗಾರ ಕೇರಿಗಳಲ್ಲಿ ಸಿಆರ್‌ಝಡ್ ನಿಯಮಗಳನ್ನು, ಅಂದರೆ ಕಡಲಂಚಿನ ನಿರ್ದಿಷ್ಟ ವಲಯದಲ್ಲಿ ಯಾವ ಕಾಮಗಾರಿ ಮಾಡಬಹುದು ಯಾವುದು ಸಲ್ಲದು ಎಂದು ವಿಧಿಸುವ, 1991ರಲ್ಲಿ ಮೊದಲು ಬಂದು 2011ರಲ್ಲೂ 2019ರಲ್ಲೂ ಬದಲಾದ ಅಧಿಸೂಚನೆಯನ್ನು, ಬಿಡಿಸಿ ಹೇಳಿದರು. ಈ ಅಧಿಸೂಚನೆಯನ್ನು ಕರಾವಳಿಯ ಬಹಳ ಮಂದಿ ತಮ್ಮ ಮನೆ ಕಟ್ಟಲು ಅಡ್ಡಿಯೆಂದೇ ತಿಳಿದಿದ್ದರು. ಸಾಂಪ್ರದಾಯಿಕ ಮೀನುಗಾರರ ವಾಸದ ಮನೆಗೆ ಅದರಲ್ಲೇ ಅವಕಾಶವಿರುವುದೂ, 2011ರ ಅಧಿಸೂಚನೆಯ ಮೇರೆಗೆ ರಚನೆಯಾಗುವ ಜಿಲ್ಲಾ ಸಮಿತಿಯಲ್ಲಿ ಕರಾವಳಿ ಸಮುದಾಯದ ಪ್ರತಿನಿಧಿಗಳಿಗೆ ಸ್ಥಾನವಿರುವುದೂ, ಅದೇ ನಿಯಮ ಬಳಸಿ ಅಕ್ರಮ ಮರಳುಗಾರಿಕೆಯ ವಿರುದ್ಧ ದೂರು ಕೊಡಬಹುದೆಂಬುದೂ ಅವರಿಗೆ ತಿಳಿದಿರಲಿಲ್ಲ. ಬಳಚು ಆರಿಸಿ ಬದುಕುವ ಹೆಂಗಸರಿರುವ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ಅಘನಾಶಿನಿಯಂಥ ನದೀಮುಖದಲ್ಲಿ ಕಾನೂನಿನ ಒಂದು ವಾಕ್ಯ ಯಾರ ಕೈಯಲ್ಲಿದೆ ಎಂಬುದು ಊಟದ ಪ್ರಶ್ನೆಯಾಗುತ್ತದೆ.

ಪ್ಯಾರಾಲೀಗಲ್ ಕೆಲಸಕ್ಕೆ ಇರುವ ಮಿತಿಗಳನ್ನು ಅದರ ಪ್ರತಿಪಾದಕರೇ ಮುಚ್ಚಿಟ್ಟಿಲ್ಲ. ಹೊಡೆತ ತಿಂದ ಹೆಂಡತಿಯನ್ನು ಹೊಡೆದ ಗಂಡನ ಎದುರು ಕೂರಿಸಿ ರಾಜಿ ಮಾಡಿಸುವುದು ನ್ಯಾಯವಾಗದೆ ಹಿಂಸೆಯ ಮುಂದುವರಿಕೆಯಾಗಬಹುದು. ಆದ್ದರಿಂದ ಗಂಭೀರ ಅಪರಾಧಗಳನ್ನು ಪಂಚಾಯಿತಿಕೆಗೆ ಬಿಡಲೇಬಾರದೆಂಬ ನಿಯಮ ಬೇಕು, ಅದನ್ನು ಪಾಲಿಸುವ ಮನಸ್ಸೂ ಬೇಕು. ದೊಡ್ಡ ಗಣಿ ಕಂಪನಿಯ ಎದುರು ಹಳ್ಳಿಯ ಒಬ್ಬ ಕಾರ್ಯಕರ್ತ ಗೆಲ್ಲುವುದು ಕಷ್ಟ, ಕೆಲವೊಮ್ಮೆ ಅಪಾಯಕಾರಿ. ಬಹುತೇಕ ಸಂಸ್ಥೆಗಳು ಹೊರದೇಶದ ದಾನಿಗಳ ಹಣವನ್ನೇ ನೆಚ್ಚಿಕೊಂಡಿರುವುದರಿಂದ ದಾನಿಯ ಆಸಕ್ತಿ ಬದಲಾದರೆ ಊರಿನ ಕಚೇರಿಗೆ ಬೀಗ ಬೀಳುತ್ತದೆ. ಸರ್ಕಾರವೇ ಸಂಬಳ ಕೊಟ್ಟರೆ ಅದೇ ಸರ್ಕಾರದ ಅಧಿಕಾರಿಯನ್ನು ಪ್ರಶ್ನಿಸುವ ಸ್ವಾತಂತ್ರ್ಯ ಉಳಿಯುವುದೇ ಎಂಬ ಆತಂಕ ಹುಟ್ಟುತ್ತದೆ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಮ್ಯಾಡಲೀನ್ ಆಲ್‌ಬ್ರೈಟ್ ಮತ್ತು ಪೆರು ದೇಶದ ಅರ್ಥಶಾಸ್ತ್ರಜ್ಞ ಹರ್ನಾಂಡೊ ಡಿ ಸೋಟೊ ಜಂಟಿಯಾಗಿ ಮುನ್ನಡೆಸಿದ ಆಯೋಗದ 2008ರ ವರದಿಯು ಬಡವರ ಕಾನೂನು ಸಬಲೀಕರಣವೆಂಬ ಮಾತನ್ನು ಜಗತ್ತಿನ ಮುಂದಿಟ್ಟಾಗ, ಆಸ್ತಿಯ ಹಕ್ಕುಪತ್ರಕ್ಕೆ ಅದು ಕೊಟ್ಟ ಒತ್ತು ಸಾಮೂಹಿಕ ಭೂಮಿಯನ್ನು ಮಾರಾಟದ ಸರಕಾಗಿಸೀತು ಎಂಬ ಟೀಕೆಯೂ ಬಂತು. ಆ ಟೀಕೆಯಲ್ಲಿ ಹುರುಳಿದೆ. ಇಷ್ಟಾದರೂ, ಲೈಬೀರಿಯದಲ್ಲಿ ಅರ್ಥಶಾಸ್ತ್ರಜ್ಞರು ನೆರವು ದೊರೆತವರನ್ನೂ ಕಾಯಬೇಕಾದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ ಹೋಲಿಸಿದ ಅಧ್ಯಯನದಲ್ಲಿ, ಪ್ಯಾರಾಲೀಗಲ್ ನೆರವು ಪಡೆದವರು ಲಂಚ ಕೊಡುವುದು ಕಡಿಮೆಯಾದದ್ದೂ ಅವರ ಮನೆಗಳಲ್ಲಿ ಊಟದ ಭದ್ರತೆ ಹೆಚ್ಚಿದ್ದೂ ಕಂಡುಬಂದದ್ದರಿಂದ, ಈ ಕೆಲಸದ ಫಲ ಬರಿಯ ನಂಬಿಕೆಯ ಮಾತಲ್ಲವೆಂಬುದು ಖಚಿತವಾಯಿತು.

ಸಿಯೆರಾ ಲಿಯೋನ್ 2012ರ ಕಾನೂನು ನೆರವು ಕಾಯಿದೆಯಲ್ಲಿ ಪ್ಯಾರಾಲೀಗಲ್‌ಗಳನ್ನು ಮಾನ್ಯ ಮಾಡಿ, ಪ್ರತಿಯೊಂದು ನಾಡಿಗೂ ಒಬ್ಬರಾದರೂ ಇರಬೇಕೆಂದು ವಿಧಿಸಿತು. ಕಾರ್ಯಕರ್ತರು ಪ್ರತಿ ದೂರನ್ನೂ, ಅದಕ್ಕೆ ಅನ್ವಯಿಸುವ ನಿಯಮವನ್ನೂ, ಯಾವ ಕಚೇರಿ ಏನು ಉತ್ತರ ಕೊಟ್ಟಿತೆಂಬುದನ್ನೂ ಬರೆದಿಡುತ್ತಿದ್ದುದರಿಂದ, ಭೂಮಿಯ ಗುತ್ತಿಗೆಗಳಲ್ಲಿ ನಾಡೊಡೆಯರ ಸಹಿಯೊಂದರಿಂದಲೇ ಇಡೀ ಕುಟುಂಬಗಳ ಜಮೀನು ಕಂಪನಿಗಳ ಪಾಲಾಗುತ್ತಿರುವ ಚಿತ್ರ ಅನೇಕ ಊರುಗಳ ದಾಖಲೆಗಳಿಂದ ಒಟ್ಟಿಗೆ ಮೂಡಿತು. 2022ರಲ್ಲಿ ಸಂಸತ್ತು ಅಂಗೀಕರಿಸಿದ ರೂಢಿಗತ ಭೂಹಕ್ಕುಗಳ ಕಾಯಿದೆಯು, ಜಮೀನಿನ ಒಡೆಯರಾದ ಕುಟುಂಬಗಳ ಗಂಡಸರೂ ಹೆಂಗಸರೂ ವಿಷಯ ತಿಳಿದು, ಒತ್ತಾಯವಿಲ್ಲದೆ, ಮುಂಚಿತವಾಗಿ ಒಪ್ಪದೆ ಯಾವ ಕಂಪನಿಯೂ ಅಲ್ಲಿ ಕಾಲಿಡುವಂತಿಲ್ಲವೆಂದು ಹೇಳುತ್ತದೆ. ಆ ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ. ಅದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮೆಂಡೆ ಭಾಷೆಯಲ್ಲೋ ತೆಮ್ನೆ ಭಾಷೆಯಲ್ಲೋ ಅದನ್ನು ಓದಿ ಹೇಳುವವರು ಬೇಕು.